ಶಾಲೆ ಮುಚ್ಚಿದ್ರೆ ಗಾಬರಿ, ತೆರೆದಿದ್ರೆ ನಿರ್ಲಕ್ಷ್ಯ: ಫ್ಲೂ ಕಾಲದ ಒಂದು ಲೆಕ್ಕ

ಫ್ಲೂ ಬಂದಾಗಲೆಲ್ಲ ಒಂದೇ ಜಗಳ. ಶಾಲೆ ಮುಚ್ಚಿದರೆ "ನಾಲ್ಕು ಜನಕ್ಕೆ ಜ್ವರ ಬಂದಿದ್ದಕ್ಕೆ ಇಷ್ಟೊಂದು ಗಾಬರಿನಾ?" ಅಂತಾರೆ. ಮುಚ್ಚದಿದ್ದರೆ "ಮಕ್ಕಳ ಜೀವದ ಜೊತೆ ಆಟ ಆಡ್ತಿದ್ದಾರೆ" ಅಂತಾರೆ. ಎರಡೂ ಮಾತು ಒಂದೇ ವಾರದಲ್ಲಿ, ಎಷ್ಟೋ ಸಲ ಒಂದೇ ಮನೆಯಲ್ಲಿ ಕೇಳಿಬರುತ್ತವೆ.

ಈ ಲೇಖನದಲ್ಲಿ ನಾವು 2009ರ ಎಚ್1ಎನ್1 ಫ್ಲೂ, ಅಂದರೆ ಪತ್ರಿಕೆಗಳು ಆಗ 'ಹಂದಿಜ್ವರ' ಅಂತ ಕರೆದ ರೋಗವನ್ನು ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡು ಈ ಜಗಳವನ್ನು ಸ್ವಲ್ಪ ಬಿಡಿಸಿ ನೋಡೋಣ. ಇದು ವೈದ್ಯಕೀಯ ಪಾಠ ಅಲ್ಲ. ಅರ್ಧ ಮಾಹಿತಿ ಕೈಯಲ್ಲಿರುವಾಗ ಪೂರ್ತಿ ತೀರ್ಮಾನ ತೆಗೆದುಕೊಳ್ಳೋದು ಹೇಗೆ, ಆಮೇಲೆ ಅದನ್ನು ಅಳೆಯೋದು ಹೇಗೆ ಅನ್ನೋ ಪಾಠ. ಎಂಜಿನಿಯರ್ ಆಗಲು ಹೊರಟ ನಮಗೆ ಇದು ಹೊರಗಿನ ವಿಷಯವೇನಲ್ಲ.

ಎರಡು ವಾರದಲ್ಲಿ ನಡೆದದ್ದು

2009ರ ಏಪ್ರಿಲ್ 24ರಂದು ಮೆಕ್ಸಿಕೋ ಸಿಟಿಯಲ್ಲಿ ಶಾಲೆಗಳು ಮುಚ್ಚಿದವು. ನಾಲ್ಕೇ ದಿನದಲ್ಲಿ ಇಡೀ ದೇಶದ ಶಾಲೆಗಳಿಗೆ ಬೀಗ ಬಿತ್ತು. ಫುಟ್‌ಬಾಲ್ ಪಂದ್ಯಗಳು ಪ್ರೇಕ್ಷಕರಿಲ್ಲದ ಮೈದಾನದಲ್ಲಿ ನಡೆದವು. ಅಮೆರಿಕದಲ್ಲಿ ಟೆಕ್ಸಸ್‌ನ ಫೋರ್ಟ್‌ವರ್ತ್ ನಗರ ಸುಮಾರು 80 ಸಾವಿರ ಮಕ್ಕಳ ತನ್ನ ಎಲ್ಲ ಸರ್ಕಾರಿ ಶಾಲೆಗಳನ್ನು ಮುಚ್ಚಿತು. ಅಂತರಶಾಲಾ ಸ್ಪರ್ಧೆಗಳನ್ನು ಇಡೀ ಟೆಕ್ಸಸ್ ರಾಜ್ಯ ನಿಲ್ಲಿಸಿತು.

ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ ಮೇ 1ರಂದು ಕೊಟ್ಟ ಸಲಹೆ ಹೀಗಿತ್ತು: ಸೋಂಕು ದೃಢಪಟ್ಟ ಶಾಲೆಯನ್ನು 14 ದಿನಗಳವರೆಗೆ ಮುಚ್ಚುವುದನ್ನು ಪರಿಗಣಿಸಿ. ಮೇ 5ರಂದು ಅದೇ ಸಿಡಿಸಿ ಸಲಹೆ ಬದಲಿಸಿತು: ಶಾಲೆ ಮುಚ್ಚೋದು ಬೇಡ, ಜ್ವರ ಇರುವವರು ಮಾತ್ರ 7 ದಿನ ಮನೆಯಲ್ಲಿರಲಿ.

ಜನಕ್ಕೆ ಹೇಗನ್ನಿಸಿರಬೇಡ! ಕೆಲಸಕ್ಕೆ ರಜೆ ಹಾಕಿ ಮಕ್ಕಳನ್ನು ನೋಡಿಕೊಂಡ ಅಪ್ಪ ಅಮ್ಮಂದಿರಿಗೆ "ಹಾಗಾದ್ರೆ ಇಷ್ಟು ದಿನ ಮಾಡಿದ್ದೆಲ್ಲ ಸುಮ್ಮನೇನಾ?" ಅನ್ನಿಸಿದರೆ ತಪ್ಪೇನಿಲ್ಲ. ಆದರೆ ಆ ನಾಲ್ಕು ದಿನಗಳಲ್ಲಿ ಬದಲಾದದ್ದು ಮಾಹಿತಿ. ರೋಗ ಮೊದಲು ಹೆದರಿದಷ್ಟು ತೀವ್ರವಲ್ಲ ಅಂತ ತಿಳಿಯಿತು. ವೈರಸ್ ಆಗಲೇ ಎಲ್ಲೆಡೆ ಹರಡಿದೆ, ಒಂದೊಂದೇ ಶಾಲೆ ಮುಚ್ಚಿ ಅದನ್ನು ಕಟ್ಟಿಹಾಕೋಕೆ ಆಗಲ್ಲ ಅಂತಲೂ ತಿಳಿಯಿತು. ಹೊಸ ರೀಡಿಂಗ್ ಬಂದ ಮೇಲೂ ಹಳೆಯ ಸೆಟ್ಟಿಂಗ್‌ನಲ್ಲೇ ಯಂತ್ರ ಓಡಿಸುವವನನ್ನು ನಾವು ಒಳ್ಳೆಯ ಆಪರೇಟರ್ ಅನ್ನಲ್ಲ ಅಲ್ವಾ?

ಗಾಬರಿ ಬೇರೆ ರೂಪದಲ್ಲೂ ಬಂತು. ಈಜಿಪ್ಟ್ ಸರ್ಕಾರ 'ಹಂದಿಜ್ವರ' ಅನ್ನೋ ಹೆಸರಿಗೇ ಬೆಚ್ಚಿ ದೇಶದ ಸುಮಾರು 3 ಲಕ್ಷ ಹಂದಿಗಳನ್ನು ಕೊಲ್ಲಲು ಆದೇಶಿಸಿತು. ರೋಗ ಹರಡುತ್ತಿದ್ದದ್ದು ಮನುಷ್ಯರಿಂದ ಮನುಷ್ಯರಿಗೆ. ಕೈರೋದಲ್ಲಿ ಕಸ ಆಯುವವರು ಹಸಿಕಸ ತಿನ್ನಿಸುತ್ತಿದ್ದದ್ದು ಈ ಹಂದಿಗಳಿಗೆ. ಹಂದಿ ಹೋದ ಮೇಲೆ ಬೀದಿಯಲ್ಲಿ ಕಸ ರಾಶಿಬಿತ್ತು, ಫ್ಲೂ ಮಾತ್ರ ತನ್ನ ಪಾಡಿಗೆ ಬಂತು. ಕ್ರಮ ದೊಡ್ಡದಾಗಿದ್ದರೆ ಸಾಲದು, ರೋಗ ಹರಡುವ ದಾರಿಗೇ ಅದು ಅಡ್ಡ ಬರಬೇಕು.

ಛೇದ ಗೊತ್ತಿಲ್ಲದ ಭಿನ್ನರಾಶಿ

ಮೊದಲ ದಿನಗಳಲ್ಲಿ ರೋಗ ಇದ್ದದ್ದಕ್ಕಿಂತ ಭೀಕರವಾಗಿ ಕಂಡದ್ದು ಯಾಕೆ? ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ಒಂದು ಊರಿನಲ್ಲಿ 1,000 ಜನಕ್ಕೆ ಫ್ಲೂ ಬಂತು. 900 ಜನ ಕಷಾಯ, ಮಾತ್ರೆ ಅಂತ ಮನೆಯಲ್ಲೇ ಮಲಗಿದರು. 100 ಜನ ಆಸ್ಪತ್ರೆಗೆ ಬಂದರು, ಅವರಲ್ಲಿ 4 ಜನ ತೀರಿಕೊಂಡರು. ಆಸ್ಪತ್ರೆ ಲೆಕ್ಕದಲ್ಲಿ ಸಾವಿನ ಪ್ರಮಾಣ ಶೇ 4. ಊರಿನ ಲೆಕ್ಕದಲ್ಲಿ ಶೇ 0.4. ಹತ್ತು ಪಟ್ಟು ವ್ಯತ್ಯಾಸ!

ಅಂಶ, ಅಂದರೆ ಸಾವು, ಬೇಗ ಕಣ್ಣಿಗೆ ಬೀಳುತ್ತದೆ. ಛೇದ, ಅಂದರೆ ಒಟ್ಟು ಸೋಂಕಿತರು, ನಿಧಾನವಾಗಿ ಗೊತ್ತಾಗುತ್ತದೆ. ಮೆಕ್ಸಿಕೋದಲ್ಲಿ ಮೊದಲು ಲೆಕ್ಕಕ್ಕೆ ಸಿಕ್ಕವರು ಹೆಚ್ಚಾಗಿ ತೀರಾ ಕಾಯಿಲೆಯಾದವರೇ. ಹಾಗಂತ "ಛೇದ ಗೊತ್ತಾಗಲಿ, ಆಮೇಲೆ ನೋಡೋಣ" ಅಂತ ಕೂರೋಕೂ ಆಗಲ್ಲ. ಅದು ಯಾಕೆ ಅಂತ ಮುಂದೆ ನೋಡೋಣ.

ಶಾಲೆಯನ್ನೇ ಯಾಕೆ ಮುಚ್ಚೋದು?

ಫ್ಲೂ ಲೆಕ್ಕದಲ್ಲಿ ಮುಖ್ಯವಾದದ್ದು ಆರ್ ಅನ್ನೋ ಸಂಖ್ಯೆ. ಒಬ್ಬ ಸೋಂಕಿತ ಸರಾಸರಿ ಎಷ್ಟು ಜನಕ್ಕೆ ಸೋಂಕು ದಾಟಿಸುತ್ತಾನೆ ಅನ್ನೋದೇ ಆರ್. 2009ರ ಫ್ಲೂಗೆ ಇದು ಸುಮಾರು 1.5. ಒಬ್ಬರಿಂದ ಇನ್ನೊಬ್ಬರಿಗೆ ದಾಟಲು ಸರಿಸುಮಾರು 3 ದಿನ.

ಮಕ್ಕಳು ಹತ್ತಿರ ಹತ್ತಿರ ಕೂರುತ್ತಾರೆ, ಒಂದೇ ಬಾಟಲಿಯಲ್ಲಿ ನೀರು ಕುಡಿಯುತ್ತಾರೆ, ಸಂಜೆ ಅಷ್ಟೂ ಮನೆಗಳಿಗೆ ವೈರಸ್ ಹೊತ್ತೊಯ್ಯುತ್ತಾರೆ. ಹೊಸ ಫ್ಲೂ ವಿರುದ್ಧ ಅವರಿಗೆ ಹಳೆಯ ರೋಗನಿರೋಧಕ ಶಕ್ತಿಯೂ ಕಡಿಮೆ. ಒಂದೇ ಆವರಣದಲ್ಲಿ ಇದು ಎಷ್ಟು ಬೇಗ ಹರಡುತ್ತದೆ ಅನ್ನೋದಕ್ಕೆ 1978ರ ಜನವರಿಯಲ್ಲಿ ಇಂಗ್ಲೆಂಡಿನ ಒಂದು ಬೋರ್ಡಿಂಗ್ ಶಾಲೆಯಲ್ಲಿ ನಡೆದದ್ದು ಪ್ರಸಿದ್ಧ ಉದಾಹರಣೆ. 763 ಹುಡುಗರಲ್ಲಿ 512 ಮಂದಿ ಹಾಸಿಗೆ ಹಿಡಿದರು. ಎಲ್ಲ ಸುಮಾರು ಎರಡೇ ವಾರದಲ್ಲಿ ಮುಗಿದುಹೋಯಿತು. ಗಣಿತದ ಮಾದರಿ ಕಲಿಸುವ ಪುಸ್ತಕಗಳಲ್ಲಿ ಈ ದತ್ತಾಂಶ ಈಗಲೂ ಬರುತ್ತದೆ. ನಮ್ಮ ಹಾಸ್ಟೆಲ್, ಮೆಸ್ಸು ನೆನಪಾದರೆ ಆಶ್ಚರ್ಯವಿಲ್ಲ.

ಈಗ ಲೆಕ್ಕ. 10 ರೋಗಿಗಳಿಂದ ಶುರುಮಾಡೋಣ. ಆರ್ 1.5 ಇದ್ದರೆ ಹತ್ತು ಸುತ್ತು, ಅಂದರೆ 30 ದಿನ ಆದ ಮೇಲೆ ಆ ಸುತ್ತಿನ ಹೊಸ ರೋಗಿಗಳು ಸುಮಾರು 577. ಏನೋ ಒಂದು ಕ್ರಮದಿಂದ ಹರಡುವಿಕೆಯನ್ನು ಶೇ 25ರಷ್ಟು ಇಳಿಸಿದೆವು ಅಂದುಕೊಳ್ಳಿ. ಆರ್ 1.125 ಆಯಿತು. ಅದೇ 30 ದಿನದ ಮೇಲೆ ಹೊಸ ರೋಗಿಗಳು ಸುಮಾರು 32. ಕಾಲು ಭಾಗ ಇಳಿಸಿದ್ದಕ್ಕೆ ಹದಿನೆಂಟು ಪಟ್ಟು ಕಡಿಮೆ! ಚಕ್ರಬಡ್ಡಿ ಲೆಕ್ಕ ಇದು, ನಮ್ಮ ಪರವಾಗಿ ತಿರುಗಿದೆ ಅಷ್ಟೇ. ಸಾಲ ಬೆಳೆದು ನಿಂತ ಮೇಲೆ ಬಡ್ಡಿ ಇಳಿಸಿದರೆ ಇಷ್ಟು ಲಾಭ ಸಿಗಲ್ಲ, ಚಿಕ್ಕದಿರುವಾಗಲೇ ಇಳಿಸಬೇಕು.

ಹಾಂಗ್‌ಕಾಂಗ್: ಒಂದೇ ಊರು, ಎರಡು ವರ್ಷ

ಶೇ 25 ಅನ್ನೋದನ್ನು ನಾವು ಸುಮ್ಮನೆ ಆರಿಸಿಕೊಂಡದ್ದಲ್ಲ. 2008ರ ಮಾರ್ಚ್‌ನಲ್ಲಿ ಹಾಂಗ್‌ಕಾಂಗ್‌ನಲ್ಲಿ ಮಾಮೂಲಿ ಚಳಿಗಾಲದ ಫ್ಲೂ ಇತ್ತು. ಕೆಲವು ಮಕ್ಕಳು ತೀರಿಕೊಂಡಾಗ ಊರು ಕಂಗಾಲಾಯಿತು. ಸರ್ಕಾರ ಶಿಶುವಿಹಾರ ಮತ್ತು ಪ್ರಾಥಮಿಕ ಶಾಲೆಗಳನ್ನು ಎರಡು ವಾರ ಮುಚ್ಚಿತು. ಆಮೇಲೆ ಸಂಶೋಧಕರು ಲೆಕ್ಕ ಹಾಕಿದಾಗ ಊರಿನ ಒಟ್ಟು ಸೋಂಕಿನ ಮೇಲೆ ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲ. ಮುಚ್ಚುವ ಹೊತ್ತಿಗೆ ಅಲೆ ತಾನಾಗಿಯೇ ಇಳಿಯಲು ಶುರುವಾಗಿತ್ತು.

2009ರ ಜೂನ್‌ನಲ್ಲಿ ಅದೇ ಊರು. ಈ ಸಲ ಎಚ್1ಎನ್1. ಸ್ಥಳೀಯವಾಗಿ ಹರಡಿದ ಮೊದಲ ಪ್ರಕರಣಗಳು ಸಿಕ್ಕ ತಕ್ಷಣವೇ ಪ್ರಾಥಮಿಕ ಶಾಲೆಗಳನ್ನು ಮುಚ್ಚಿದರು. ಅದು ಹಾಗೇ ಬೇಸಿಗೆ ರಜೆಗೆ ಸೇರಿಕೊಂಡಿತು. ಈ ಸಲ ಹರಡುವಿಕೆ ಸುಮಾರು ಶೇ 25ರಷ್ಟು ಇಳಿಯಿತು ಅಂತ ಅಂದಾಜಿಸಲಾಗಿದೆ.

ಜನರ ಕಣ್ಣಿಂದ ನೋಡಿ. 2008ರಲ್ಲಿ ಮುಚ್ಚಿದ್ದು ಸಾವು ಕಣ್ಣೆದುರು ಇರುವಾಗ, ಹಾಗಾಗಿ ಅದು ಸರಿಯಾದ ಕ್ರಮದಂತೆ ಕಾಣುತ್ತದೆ. 2009ರಲ್ಲಿ ಮುಚ್ಚಿದ್ದು ಬೆರಳೆಣಿಕೆಯ ಪ್ರಕರಣಗಳಿರುವಾಗ, ಅದು ಅತಿರೇಕದಂತೆ ಕಾಣುತ್ತದೆ. ಫಲ ಕೊಟ್ಟದ್ದು ಎರಡನೆಯದು. ಶಾಲೆ ಮುಚ್ಚುವುದು ಕೆಲಸಕ್ಕೆ ಬರುವ ಹೊತ್ತು, ಅದು ಅನಗತ್ಯ ಅಂತ ಕಾಣುವ ಹೊತ್ತೂ ಹೌದು. ಇದೇ ಈ ವಿಷಯದ ತಿರುಳು. ಇನ್ನೊಂದು ತಮಾಷೆ ಏನಂದ್ರೆ, ಕ್ರಮ ಫಲಿಸಿದರೆ ಏನೂ ಆಗಲ್ಲ. ಏನೂ ಆಗದಿದ್ದರೆ "ನೋಡಿ, ಏನೂ ಆಗಲೇ ಇಲ್ಲ, ಸುಮ್ನೆ ಹೆದರಿಸಿದ್ರು" ಅಂತಾರೆ!

1918ರ ಮೂರು ಊರುಗಳು

ಇದು ಹೊಸ ಪಾಠವೇನಲ್ಲ. 1918ರ ಸೆಪ್ಟೆಂಬರ್ 28ರಂದು ಫಿಲಡೆಲ್ಫಿಯಾದಲ್ಲಿ ಯುದ್ಧಸಾಲ ಸಂಗ್ರಹದ ಮೆರವಣಿಗೆಗೆ ಸುಮಾರು 2 ಲಕ್ಷ ಜನ ಸೇರಿದರು, ಫ್ಲೂ ಊರಿಗೆ ಬಂದಾಗಿತ್ತು. ಶಾಲೆಗಳು ಮುಚ್ಚಿದ್ದು ಅಕ್ಟೋಬರ್ 3ಕ್ಕೆ. ಸೇಂಟ್ ಲೂಯಿಸ್‌ನಲ್ಲಿ ಸಾರ್ವಜನಿಕರಲ್ಲಿ ಮೊದಲ ಪ್ರಕರಣಗಳು ವರದಿಯಾದದ್ದು ಅಕ್ಟೋಬರ್ 5ರಂದು, ಎರಡೇ ದಿನದಲ್ಲಿ ನಿರ್ಬಂಧಗಳು ಬಂದವು. ಕೆಟ್ಟ ವಾರದ ಸಾವು ಫಿಲಡೆಲ್ಫಿಯಾದಲ್ಲಿ ಲಕ್ಷಕ್ಕೆ 257, ಸೇಂಟ್ ಲೂಯಿಸ್‌ನಲ್ಲಿ ಲಕ್ಷಕ್ಕೆ 31. ಆದರೆ ನವೆಂಬರ್‌ನಲ್ಲಿ ಸೇಂಟ್ ಲೂಯಿಸ್ ನಿರ್ಬಂಧ ತೆಗೆದಾಗ ಸೋಂಕು ಮತ್ತೆ ಏರಿತು. ಬೇಗ ತೆರೆದರೂ ತೊಂದರೆಯೇ.

ಮೂರನೆಯ ಊರು ನ್ಯೂಯಾರ್ಕ್. ಅಲ್ಲಿನ ಆರೋಗ್ಯ ಕಮಿಷನರ್ ರಾಯಲ್ ಕೋಪ್‌ಲ್ಯಾಂಡ್ ಟೀಕೆಗಳ ನಡುವೆಯೂ ಶಾಲೆ ಮುಚ್ಚಲಿಲ್ಲ. ಬಡವರ ಮಕ್ಕಳ ಮನೆಗಳು ಕಿಕ್ಕಿರಿದ ಕತ್ತಲೆ ಕೋಣೆಗಳು, ಶಾಲೆಯಲ್ಲಾದರೆ ಗಾಳಿ ಬೆಳಕಿದೆ, ತಪಾಸಣೆಗೆ ವೈದ್ಯರು, ನರ್ಸ್‌ಗಳು ಇದ್ದಾರೆ ಅನ್ನೋದು ಅವರ ವಾದ. ಶಾಲೆ ಮುಚ್ಚಿದರೆ ಮಗು ಎಲ್ಲಿರುತ್ತದೆ ಅನ್ನುವ ಈ ಪ್ರಶ್ನೆ ಇವತ್ತಿಗೂ ಹಳೆಯದಾಗಿಲ್ಲ.

ಪುಣೆಯ ಆಗಸ್ಟ್

ನಮ್ಮ ದೇಶದಲ್ಲಿ ಎಚ್1ಎನ್1ನ ಮೊದಲ ಸಾವು 2009ರ ಆಗಸ್ಟ್ 3ರಂದು ಪುಣೆಯಲ್ಲಿ ಆಯಿತು. ತೀರಿಕೊಂಡದ್ದು 14 ವರ್ಷದ ಶಾಲಾ ಬಾಲಕಿ. ಅಲ್ಲಿಯವರೆಗೆ ದೂರದ ಸುದ್ದಿಯಾಗಿದ್ದ ರೋಗ ಒಂದೇ ದಿನದಲ್ಲಿ ಮನೆಯೊಳಗೆ ಬಂದಂತಾಯಿತು. ತಪಾಸಣೆಗೆ ನಾಯ್ಡು ಆಸ್ಪತ್ರೆಯ ಮುಂದೆ ಉದ್ದುದ್ದ ಸಾಲು, ಮಾಸ್ಕ್‌ಗೆ ಕೊರತೆ, ಸಿಕ್ಕಲ್ಲಿ ದುಬಾರಿ ಬೆಲೆ. ಪುಣೆಯಲ್ಲಿ, ಆಮೇಲೆ ಮುಂಬೈಯಲ್ಲಿ ಶಾಲೆ, ಕಾಲೇಜು, ಚಿತ್ರಮಂದಿರ ಮುಚ್ಚಿದವು. ಹಲವು ಮಂಡಳಿಗಳು ದಹಿ ಹಂಡಿ ಕೈಬಿಟ್ಟವು. ಅದೇ ತಿಂಗಳು ಬೆಂಗಳೂರಿನಲ್ಲೂ ಸಾವು ವರದಿಯಾಯಿತು.

ಜ್ವರ ಇಲ್ಲದವರೂ ಹೆದರಿ ಜ್ವರ ಇರುವವರ ಸಾಲಿನಲ್ಲಿ ತಾಸುಗಟ್ಟಲೆ ನಿಂತದ್ದನ್ನು ಯೋಚಿಸಿ. ಶಾಲೆ ಮುಚ್ಚಿ ಉಳಿಸಿದ ಸಂಪರ್ಕವನ್ನು ಆಸ್ಪತ್ರೆ ಅಂಗಳದಲ್ಲಿ ವಾಪಸ್ ಕೊಟ್ಟಂತಾಯಿತು. ಜನರದ್ದೇ ತಪ್ಪು ಅಂತ ಹೇಳೋದು ಸುಲಭ. ಆದರೆ ಯಾರಿಗೆ ಪರೀಕ್ಷೆ ಬೇಕು, ಯಾರಿಗೆ ಬೇಡ ಅನ್ನೋದು ಸ್ಪಷ್ಟವಾಗಿ ಮನೆ ಮುಟ್ಟದಿದ್ದರೆ ಮಗುವಿನ ಹಣೆ ಬಿಸಿಯಾದ ಯಾವ ತಾಯಿ ತಾನೆ ಮನೆಯಲ್ಲಿ ಕೂರುತ್ತಾಳೆ?

ಖರ್ಚು ಯಾರ ಲೆಕ್ಕಕ್ಕೆ?

ಶಾಲೆ ಮುಚ್ಚೋದು ಪುಕ್ಕಟೆ ಅಲ್ಲ. ಅಮೆರಿಕದ ಎಲ್ಲ ಶಾಲೆಗಳನ್ನು 4 ವಾರ ಮುಚ್ಚಿದರೆ 1,000 ಕೋಟಿಯಿಂದ 4,700 ಕೋಟಿ ಡಾಲರ್ ನಷ್ಟ ಅಂತ 2009ರಲ್ಲಿ ಬ್ರೂಕಿಂಗ್ಸ್ ಸಂಸ್ಥೆಯ ಅಧ್ಯಯನ ಅಂದಾಜು ಮಾಡಿತು. ಅದರಲ್ಲಿನ ಇನ್ನೊಂದು ಅಂಕಿ ಹೆಚ್ಚು ಯೋಚನೆಗೆ ಹಚ್ಚುತ್ತದೆ: ಮುಖ್ಯ ಆರೋಗ್ಯ ಸಿಬ್ಬಂದಿಯಲ್ಲಿ ಶೇ 6ರಿಂದ 19ರಷ್ಟು ಜನ ಮಕ್ಕಳನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿಯಬೇಕಾಗಬಹುದು. ರೋಗಿ ಹೆಚ್ಚುವ ಹೊತ್ತಿಗೇ ನರ್ಸ್ ಕಡಿಮೆ!

ನಮ್ಮ ಕಡೆ ಖರ್ಚಿನ ರೂಪ ಬೇರೆ. ಕರ್ನಾಟಕದ ಸರ್ಕಾರಿ ಶಾಲೆಯಲ್ಲಿ ಬೀಗ ಬಿದ್ದರೆ ಅಕ್ಷರ ದಾಸೋಹದ ಬಿಸಿಯೂಟವೂ ನಿಲ್ಲುತ್ತದೆ. ಕೂಲಿಗೆ ಹೋಗುವ ಅಮ್ಮ ಒಂದೋ ದಿನದ ದುಡಿಮೆ ಬಿಡಬೇಕು, ಇಲ್ಲವೇ ಮಗುವನ್ನು ಅಜ್ಜಿ ಹತ್ತಿರ ಬಿಡಬೇಕು. 2020ರಲ್ಲಿ ಕೋವಿಡ್ ಬಂದಾಗ ನಮ್ಮಲ್ಲಿ ಹೆಚ್ಚಿನವರು ಶಾಲೆಯಲ್ಲೇ ಇದ್ದೆವು. ಅದು ಬೇರೆ ವೈರಸ್, ಫ್ಲೂ ಲೆಕ್ಕ ಅದಕ್ಕೆ ಹಾಗೇ ಹೊಂದಲ್ಲ. ಆದರೆ ಒಂದೇ ತರಗತಿಯಲ್ಲಿ ಫೋನ್ ಇದ್ದವರು ಪಾಠ ಕೇಳಿದ್ದು, ಇಲ್ಲದವರು ಹಿಂದೆ ಬಿದ್ದದ್ದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಲಾಭ ಇಡೀ ಊರಿಗೆ ಹಂಚಿಹೋಗುತ್ತದೆ, ಖರ್ಚು ಕೆಲವೇ ಮನೆಗಳ ಮೇಲೆ ಬೀಳುತ್ತದೆ. "ಸುಮ್ನೆ ಮುಚ್ಚಿದ್ರು" ಅಂತ ಸಿಟ್ಟಾಗುವವರು ಎಷ್ಟೋ ಸಲ ಆ ಮನೆಗಳವರೇ. ಅವರ ಸಿಟ್ಟನ್ನು ಅಜ್ಞಾನ ಅಂತ ತಳ್ಳಿಹಾಕೋದು ಅನ್ಯಾಯ.

ಮುಂದಿನ ಸಲ ಆದೇಶ ಬಂದಾಗ

ಫ್ಲೂ ಮತ್ತೆ ಬರುತ್ತದೆ, ಅದರಲ್ಲಿ ಅನುಮಾನ ಬೇಡ. ಆಗ "ಅತಿರೇಕ", "ನಿರ್ಲಕ್ಷ್ಯ" ಅಂತ ಸ್ಟೇಟಸ್ ಹಾಕುವ ಮೊದಲು ಐದು ಪ್ರಶ್ನೆ ಕೇಳೋಣ:

1. ಅಲೆ ಏರುತ್ತಿದೆಯಾ, ಆಗಲೇ ಇಳಿಯುತ್ತಿದೆಯಾ?
2. ಹೇಳುತ್ತಿರುವ ಸಾವಿನ ಪ್ರಮಾಣದ ಛೇದ ಯಾವುದು: ಆಸ್ಪತ್ರೆಯದಾ, ಊರಿನದಾ?
3. ಶಾಲೆ ಮುಚ್ಚಿದ ಮೇಲೆ ಮಕ್ಕಳು ಮನೆಯಲ್ಲಿರುತ್ತಾರಾ, ಇಲ್ಲಾ ಮಾಲ್, ಟ್ಯೂಷನ್‌ನಲ್ಲಿ ಸೇರುತ್ತಾರಾ?
4. ಊಟ, ಕೂಲಿ, ಪಾಠ ಕಳೆದುಕೊಳ್ಳುವವರಿಗೆ ಏನು ವ್ಯವಸ್ಥೆ ಇದೆ?
5. ಯಾವ ಮಾಹಿತಿ ಬಂದರೆ ತೀರ್ಮಾನ ಬದಲಾಗುತ್ತದೆ ಅಂತ ಆದೇಶದಲ್ಲಿ ಹೇಳಿದ್ದಾರಾ?

ಐದನೆಯದು ನಮಗೆ ಎಲ್ಲಕ್ಕಿಂತ ಮುಖ್ಯ. ಅದನ್ನು ಮೊದಲೇ ಹೇಳಿದ್ದರೆ, ನಾಲ್ಕು ದಿನಕ್ಕೆ ಸಲಹೆ ಬದಲಾದಾಗ ಜನ ಮೋಸ ಹೋದೆವು ಅಂದುಕೊಳ್ಳಲ್ಲ. ಲೆಕ್ಕ ಮುಂದುವರಿಯಿತು ಅಂದುಕೊಳ್ಳುತ್ತಾರೆ.

ಕೊನೆಗೊಂದು ಮನೆಗೆಲಸ. ಸ್ಪ್ರೆಡ್‌ಶೀಟ್ ತೆರೆಯಿರಿ. ನಿಮ್ಮ ಹಾಸ್ಟೆಲ್‌ನ ಒಟ್ಟು ಸಂಖ್ಯೆ ಹಾಕಿ, ಒಬ್ಬ ರೋಗಿಯಿಂದ ಶುರುಮಾಡಿ, ಮೂರು ದಿನಕ್ಕೊಂದು ಸುತ್ತು, ಆರ್ 1.5. ಪ್ರತಿ ಸುತ್ತಿನಲ್ಲೂ ಇನ್ನೂ ಸೋಂಕು ತಗಲದವರ ಪಾಲಿನಿಂದ ಆರ್ ಅನ್ನು ಗುಣಿಸುವುದನ್ನು ಮರೆಯಬೇಡಿ. ಎರಡನೆಯ ಸುತ್ತಿನಲ್ಲೇ ಶೇ 25 ಇಳಿಸಿ ನೋಡಿ, ಆಮೇಲೆ ಹತ್ತನೆಯ ಸುತ್ತಿನವರೆಗೆ ಕಾದು ಇಳಿಸಿ ನೋಡಿ. ಎರಡು ಗೆರೆಗಳನ್ನೂ ಪಕ್ಕಪಕ್ಕ ಇಟ್ಟು ನಿಮ್ಮ ರೂಮ್‌ಮೇಟ್‌ಗೆ ತೋರಿಸಿ. ಜಗಳ ನಿಲ್ಲದಿರಬಹುದು, ಆದರೆ ಅಂಕಿ ಇಟ್ಟುಕೊಂಡು ಜಗಳ ಆಡಬಹುದು.