ಹಾಲು ಹಾಕುವ ಮನೆಗೆ ಬ್ರೆಡ್ಡಿನ ಗಿಣ್ಣು



ರಾಸು ನೋಡಲು ಬೆಳಿಗ್ಗೆ ಹಳ್ಳಿಗಳಿಗೆ ಹೋದಾಗ ಒಂದು ನೋಟವನ್ನು ಪದೇ ಪದೇ ಕಂಡಿದ್ದೇನೆ. ಮನೆಯಿಂದ ಕ್ಯಾನು ತುಂಬ ಹಾಲು ಸಂಘಕ್ಕೆ ಹೋಗುತ್ತದೆ. ಅದೇ ಮನೆಯ ಮಕ್ಕಳು ನೀರು ನೀರಾದ ಚಹಾದಲ್ಲಿ ಬನ್ನು ಅದ್ದಿ ತಿಂದು ಶಾಲೆಗೆ ಓಡುತ್ತಾರೆ. ಇದಕ್ಕೆ ತಾಯಂದಿರನ್ನು ದೂರುವಂತಿಲ್ಲ. ಕೊಟ್ಟಿಗೆ ಬಳಿಯಬೇಕು, ಹಾಲು ಕರೆಯಬೇಕು, ಸಂಘದ ವೇಳೆ ಮೀರುವ ಮುನ್ನ ಮುಟ್ಟಿಸಬೇಕು. ತಿಂಡಿ ಮಾಡಲು ಬಿಡುವೆಲ್ಲಿ? ಅದಕ್ಕಾಗಿ ಈ ಸಲ ಮೇವು, ರೋಗಗಳ ಮಾತನ್ನು ಸ್ವಲ್ಪ ಬದಿಗಿಟ್ಟು, ರಾತ್ರಿಯೇ ಕೂಡಿಸಿಟ್ಟು ಬೆಳಿಗ್ಗೆ ಒಲೆಗೇರಿಸಬಹುದಾದ ತಿಂಡಿಯೊಂದನ್ನು ತಿಳಿಸುತ್ತೇನೆ.

ಫ್ರಾನ್ಸಿನವರು ಒಣಗಿದ ಬ್ರೆಡ್ಡನ್ನು ಹಾಲು, ಮೊಟ್ಟೆಯಲ್ಲಿ ನೆನೆಸಿ ಬೆಣ್ಣೆಯಲ್ಲಿ ಸುಡುತ್ತಾರೆ. ಅದಕ್ಕೆ ಅವರಿಟ್ಟ ಹೆಸರಿನ ಅರ್ಥ 'ಕಳೆದುಹೋದ ಬ್ರೆಡ್ಡು'. ಅಮೆರಿಕದಲ್ಲಿ ಅದೇ ಫ್ರೆಂಚ್ ಟೋಸ್ಟ್. ಒಂದೊಂದೇ ಚೂರನ್ನು ಕಾವಲಿಯ ಮೇಲೆ ಸುಡುವ ಬದಲು, ಎಲ್ಲವನ್ನೂ ಒಂದೇ ತಟ್ಟೆಯಲ್ಲಿ ಜೋಡಿಸಿ, ಹಾಲು ಮೊಟ್ಟೆ ಸುರಿದು, ರಾತ್ರಿ ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ಓವನ್ನಿನಲ್ಲಿ ಬೇಯಿಸುವ ಕ್ರಮವೂ ಅಲ್ಲಿದೆ. ತಿಂದು ನೋಡಿದರೆ ನಮ್ಮ ಗಿಣ್ಣಿನ ನೆಂಟನೇ ಸರಿ.

ನಾಲ್ಕು ಜನರಿಗೆ ಬ್ರೆಡ್ಡು 8 ಚೂರು, ಹಾಲು ಅರ್ಧ ಲೀಟರು, ಮೊಟ್ಟೆ 4, ಸಕ್ಕರೆ 75 ಗ್ರಾಂ, ಏಲಕ್ಕಿ, ಚಿಟಿಕೆ ಉಪ್ಪು, ತಟ್ಟೆಗೆ ಸವರಲು ತುಪ್ಪ. ಹಿಂದಿನ ದಿನದ ಬ್ರೆಡ್ಡೇ ಒಳ್ಳೆಯದು, ಹಾಲನ್ನು ಚೆನ್ನಾಗಿ ಹೀರುತ್ತದೆ. ಬೂಷ್ಟು ಹಿಡಿದಿದ್ದರೆ ಎಸೆಯಿರಿ. ಹಸುವಿನ ಬಾನಿಗೂ ಹಾಕಬೇಡಿ. ಹಾಲನ್ನು ಕಾಯಿಸಿ ಪೂರ್ತಿ ಆರಿಸಿದ ಮೇಲೆಯೇ ಮೊಟ್ಟೆಗೆ ಬೆರೆಸಿ. ಬಿಸಿ ಹಾಲಿಗೆ ಒಡೆದರೆ ಮೊಟ್ಟೆ ಎಳೆ ಎಳೆಯಾಗಿ ಬೆಂದುಹೋಗುತ್ತದೆ. ಬೆಲ್ಲ ಬೇಕೆನ್ನುವವರು ಪಾಕ ಮಾಡಿ, ಬೆಂದ ಮೇಲೆ ಸುರಿದುಕೊಳ್ಳಿ. ಮೊದಲೇ ಹಾಕಿದರೆ ಹಾಲು ಒಡೆಯುವ ಸಂಭವವಿದೆ.

ಓವನ್ ಇದ್ದವರಿಗೆ 180 ಡಿಗ್ರಿಯಲ್ಲಿ 35ರಿಂದ 40 ನಿಮಿಷ ಸಾಕು. ಇಲ್ಲದವರು ದಪ್ಪ ತಳದ ಹಳೆಯ ಪಾತ್ರೆಯಲ್ಲಿ ಒಂದು ಅಂಗುಲ ಮರಳು ಹರಡಿ, ಅದರ ಮೇಲೊಂದು ಸಿಂಬಿ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ, ಆಮೇಲೆ ತಟ್ಟೆ ಇಳಿಸಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬಿಡಿ. ಅಷ್ಟೂ ಬೇಡವೆಂದರೆ ಇಡ್ಲಿ ಪಾತ್ರೆಯ ಹಬೆಯಲ್ಲಿ ಅರ್ಧ ಗಂಟೆ. ಮೇಲೆ ಕೆಂಪಗಾಗುವುದಿಲ್ಲ, ರುಚಿಗೆ ಕೊರತೆಯಿಲ್ಲ. ಮಧ್ಯಕ್ಕೆ ಚುಚ್ಚಿದ ಚಾಕು ಒದ್ದೆಯಿಲ್ಲದೆ ಬಂದರೆ ಬೆಂದಿದೆಯೆಂದು ತಿಳಿಯಿರಿ. ಉರಿ ಹೆಚ್ಚಿದರೆ ಮೊಟ್ಟೆ ಬಿಗಿದು ನೀರು ಬಿಡುತ್ತದೆ.

ಫ್ರಿಜ್ಜು ಇಲ್ಲದ ಮನೆಯಲ್ಲಿ ಹಸಿ ಮೊಟ್ಟೆ ಬೆರೆತ ಹಾಲನ್ನು ರಾತ್ರಿಯಿಡೀ ಇಡಲೇಬಾರದು. ಅಂಥವರು ಬೆಳಿಗ್ಗೆ ಕಾಯಿಸಿ ಆರಿಸಿದ ಹಾಲಿನಲ್ಲಿ ಕಾಲು ಗಂಟೆ ನೆನೆಸಿ ಬೇಯಿಸಲಿ. ಭಾನುವಾರಕ್ಕೆ ಅನುಕೂಲ.

ಮೊಟ್ಟೆ ತಿನ್ನದವರಿಗೂ ದಾರಿಯಿದೆ, ಮನೆಯಲ್ಲಿ ಹಸು ಕರು ಹಾಕಿದ್ದರೆ. ಬಿಸಿ ತಾಗಿದಾಗ ಮೊಟ್ಟೆ ಗಟ್ಟಿಯಾಗುವುದು ಅದರ ಪ್ರೋಟೀನಿನಿಂದ. ಗಿಣ್ಣು ಹಾಲಿನಲ್ಲೂ ಅಂಥ ಪ್ರೋಟೀನು ಹೇರಳವಾಗಿರುವುದರಿಂದ ಅದು ತಾನಾಗಿಯೇ ಹೆಪ್ಪುಗಟ್ಟುತ್ತದೆ. ಎರಡನೆಯ, ಮೂರನೆಯ ದಿನದ ಗಿಣ್ಣು ಹಾಲಿಗೆ ಸಕ್ಕರೆ ಬೆರೆಸಿ ಬ್ರೆಡ್ಡಿನ ಮೇಲೆ ಸುರಿದು, ಆಗಲೇ ಒಲೆಗಿಡಿ. ಮೊಟ್ಟೆಯ ನೆನಪೇ ಬರುವುದಿಲ್ಲ. ಮುಂಚೆ ಕಾಯಿಸಿದರೆ ಒಡೆಯುವುದರಿಂದ ಹಸಿಯಾಗಿಯೇ ಬಳಸಬೇಕು, ಮಧ್ಯದವರೆಗೂ ಚೆನ್ನಾಗಿ ಬೇಯಿಸಬೇಕು. ಕಂದು ಹಾಕಿದ ರಾಸಿನದು ಮಾತ್ರ ಬೇಡವೇ ಬೇಡ.

ಆದರೆ ಗಿಣ್ಣಿನ ಮೊದಲ ಹಕ್ಕುದಾರ ಕರು. ಹುಟ್ಟುವಾಗ ಕರುವಿನ ಮೈಯಲ್ಲಿ ರೋಗ ತಡೆಯುವ ಶಕ್ತಿ ಇಲ್ಲವೆನ್ನುವಷ್ಟು ಕಡಿಮೆ. ಅದು ಗಿಣ್ಣು ಹಾಲಿನಿಂದಲೇ ಬರಬೇಕು. ಅದನ್ನು ರಕ್ತಕ್ಕೆ ಸೇರಿಸಿಕೊಳ್ಳುವ ಕರುಳಿನ ಗುಣ ಗಂಟೆ ಗಂಟೆಗೂ ಕುಗ್ಗುತ್ತ, ಒಂದು ದಿನ ಕಳೆಯುವಷ್ಟರಲ್ಲಿ ಬಹುಮಟ್ಟಿಗೆ ನಿಂತುಹೋಗುತ್ತದೆ. ಹುಟ್ಟಿದ ಒಂದೆರಡು ಗಂಟೆಯೊಳಗೆ ಮೊದಲ ಸಲ ಕುಡಿಸಿ. ಮೊದಲ ದಿನ ಕರುವಿನ ತೂಕದ ಹತ್ತನೆಯ ಒಂದು ಭಾಗ, ಅಂದರೆ 25 ಕಿಲೋ ಕರುವಿಗೆ ಎರಡೂವರೆ ಲೀಟರು, ಹೊಟ್ಟೆಗೆ ಹೋಗಬೇಕು. ಸತ್ತೆ ಬೀಳುವ ತನಕ ಕಾಯುವ ಪದ್ಧತಿ ಇನ್ನೂ ಕೆಲವೆಡೆ ಇದೆ. ನೆಂಟರಿಷ್ಟರಿಗೆ ಗಿಣ್ಣು ಹಂಚಿ, ಹತ್ತನೆಯ ದಿನ ಭೇದಿಯಿಂದ ನರಳುವ ಕರುವಿಗೆ ನನ್ನನ್ನು ಕರೆಸಿದ ಮನೆಗಳು ಒಂದೆರಡಲ್ಲ.

ಕೆಚ್ಚಲು ಬಾವಿಗೆ ಚುಚ್ಚುಮದ್ದು ಆದಾಗ, 'ಸಂಘದಲ್ಲಿ ತೆಗೆದುಕೊಳ್ಳುವುದಿಲ್ಲ, ಮನೆಗೆ ಇರಲಿ' ಎಂದು ಆ ಹಾಲನ್ನು ಅಡುಗೆಗೆ ಒಯ್ಯುವವರಿದ್ದಾರೆ. ಕಾಯಿಸಿದ ಮಾತ್ರಕ್ಕೆ ಹಾಲಿನಲ್ಲಿ ಉಳಿದ ಔಷಧಿ ಹೋಗುವುದಿಲ್ಲ. ಎಷ್ಟು ದಿನ ಹಾಲು ಬಿಡಬೇಕೆಂದು ವೈದ್ಯರನ್ನು ಕೇಳಿ, ಅಷ್ಟು ದಿನ ಮನೆಗೂ ಬೇಡ, ಸಂಘಕ್ಕೂ ಬೇಡ.

ಮನೆಗೆ ಹಾಲು ಎತ್ತಿಡುವಾಗ ಇನ್ನೊಂದು ಮಾತು. ಕರೆಯುವಾಗ ಕೊನೆಯಲ್ಲಿ ಬರುವ ಹಾಲಿನಲ್ಲಿ ಜಿಡ್ಡು ಹೆಚ್ಚು. ಅದನ್ನೇ ಮನೆಗೆ ಉಳಿಸಿಕೊಂಡು ಮೊದಲಿನದನ್ನು ಸಂಘಕ್ಕೆ ಒಯ್ದರೆ ಜಿಡ್ಡಿನ ಅಂಶ ಇಳಿದು, ದರವೂ ಇಳಿಯುತ್ತದೆ. ಆಮೇಲೆ ಪರೀಕ್ಷೆ ಮಾಡುವವನ ಮೇಲೆ ಸಿಟ್ಟು! ಎಲ್ಲವನ್ನೂ ಕರೆದು, ಕಲಕಿ, ಅನಂತರ ಅರ್ಧ ಲೀಟರು ತೆಗೆಯಿರಿ. ಆ ಅರ್ಧ ಲೀಟರು, ನಾಲ್ಕು ಮೊಟ್ಟೆ, ಬ್ರೆಡ್ಡು ಸೇರಿದರೆ ತಲೆಗೆ ಸುಮಾರು 15 ಗ್ರಾಂ ಪ್ರೋಟೀನು ಸಿಗುತ್ತದೆ. ಚಹಾ ಬನ್ನಿನಲ್ಲಿ ಅದರ ಅರ್ಧವೂ ಇಲ್ಲ.

ಉಳಿದದ್ದನ್ನು ಮಧ್ಯಾಹ್ನದೊಳಗೆ ಮುಗಿಸಿ. ಮಕ್ಕಳಿರುವ ಮನೆಯಲ್ಲಿ ಬಹುಶಃ ಉಳಿಯಲಾರದು.