ಹೆದ್ದಾರಿಯ ತೂಬು ಎಲ್ಲಿದೆ, ನೋಡಿಕೊಳ್ಳಿ

ದೊಡ್ಡ ರಸ್ತೆ ಬಂದ್ರೆ ಸೀಮೆ ಉದ್ಧಾರ ಆಗ್ತದೆ ಅಂತ ಎಲ್ಲರೂ ಹೇಳ್ತಾರೆ. ಆ ರಸ್ತೆಗೆ ನಾವು ಹತ್ತೋದು ಎಲ್ಲಿ, ಇಳಿಯೋದು ಎಲ್ಲಿ ಅಂತ ಕೇಳುವವರು ಕಡಿಮೆ. ಕೆರೆ ತುಂಬಿದ್ರೆ ಸಾಲದು. ನಮ್ಮ ಬಯಲಿಗೆ ತೂಬು ಇರಬೇಕು, ತೂಬಿನಿಂದ ಹೊಲದ ತನಕ ಕಾಲುವೆ ಇರಬೇಕು. ಸುಂಕದ ಹೆದ್ದಾರಿಯೂ ಹೀಗೇ. ಅದರ ತೂಬಿಗೆ ಇಂಜಿನಿಯರುಗಳು ಇಂಟರ್‌ಚೇಂಜ್ ಅಂತಾರೆ. ಈ ಪಾಠ ಅದರ ಬಗ್ಗೆ.

ನಾನು ಬಂಗಾರಪೇಟೆ ತಾಲ್ಲೂಕಿನ ಖುಷ್ಕಿ ರೈತ. ರಾಗಿ, ಅವರೆ, ಹುರುಳಿ ಬೆಳೆಯೋದು, ಬೋರ್‌ವೆಲ್ಲಿನಲ್ಲಿ ನೀರಿದ್ದ ವರ್ಷ ಟೊಮೇಟೊ. ಓದಿದ್ದು ಏಳನೇ ಕ್ಲಾಸ್. ನಮ್ಮ ಸೀಮೆಯಲ್ಲಿ ಬೆಂಗಳೂರು-ಚೆನ್ನೈ ಎಕ್ಸ್‌ಪ್ರೆಸ್‌ವೇ ಹಾದು ಹೋಗಿದೆ. ಅದನ್ನ ನೋಡಿ, ಮೈಸೂರು ರಸ್ತೆಯನ್ನೂ ಓಡಾಡಿ ನೋಡಿ, ಅಲ್ಲಿಯವರನ್ನ ಕೇಳಿ ತಿಳಿದದ್ದನ್ನ ಬರೀತಿದ್ದೇನೆ. ನಾಳೆ ನಿಮ್ಮ ಊರಿನ ಪಕ್ಕದಲ್ಲೂ ಇಂಥ ರಸ್ತೆಗೆ ಕಲ್ಲು ನೆಡಬಹುದು.

ಇಂಟರ್‌ಚೇಂಜ್ ಅಂದ್ರೇನು?

ಹಳೇ ಹೆದ್ದಾರಿಗೆ ಎಲ್ಲಿ ಬೇಕಾದ್ರೂ ಹತ್ತಬಹುದಿತ್ತು. ಹೊಲದ ಬದುವಿನಿಂದ ನೇರ ಡಾಂಬರಿಗೆ ಬಂಡಿ ಏರಿಸ್ತಿದ್ದೆವು. ಈಗಿನ ಎಕ್ಸ್‌ಪ್ರೆಸ್‌ವೇ ಹಾಗಲ್ಲ. ಎರಡೂ ಕಡೆ ಬೇಲಿ ಅಥವಾ ಗೋಡೆ. ಗೊತ್ತುಮಾಡಿದ ಜಾಗದಲ್ಲಿ ಮಾತ್ರ ಹತ್ತಬೇಕು, ಗೊತ್ತುಮಾಡಿದ ಜಾಗದಲ್ಲೇ ಇಳಿಯಬೇಕು. ಊರ ರಸ್ತೆ ಮೇಲೋ ಕೆಳಗೋ ಹೋಗ್ತದೆ, ಅಡ್ಡ ಬರೋದಿಲ್ಲ. ಎರಡನ್ನೂ ಕೂಡಿಸುವ ಬಾಗಿದ ಇಳಿಜಾರು ರಸ್ತೆಗಳಿಗೆ ರ‍್ಯಾಂಪ್ ಅಂತಾರೆ. ಇದೆಲ್ಲ ಸೇರಿ ಇಂಟರ್‌ಚೇಂಜ್.

ಇದರಲ್ಲಿ ಜಾತಿಗಳಿವೆ. ನಾಲ್ಕು ಎಲೆಯ ಹಾಗೆ ಸುತ್ತಿದ್ರೆ ಕ್ಲೋವರ್‌ಲೀಫ್. ಎರಡು ದೊಡ್ಡ ರಸ್ತೆ ಕತ್ತರಿಸುವಲ್ಲಿ ಇದನ್ನ ಮಾಡ್ತಾರೆ, ಜಾಗ ಬಹಳ ಬೇಕು. ವಜ್ರದ ಆಕಾರದ್ದು ಡೈಮಂಡ್, ಇದಕ್ಕೆ ಜಾಗ ಕಡಿಮೆ ಸಾಕು. ಒಂದು ಕಡೆಯಿಂದ ರಸ್ತೆ ಬಂದು ಸೇರುವಲ್ಲಿ ತುತ್ತೂರಿ ಹಾಗೆ ಬಾಗಿದ್ದು ಟ್ರಂಪೆಟ್. ಸುಂಕದ ರಸ್ತೆಗೆ ಟ್ರಂಪೆಟ್ ಅನುಕೂಲ. ಹತ್ತುವ ಇಳಿಯುವ ಗಾಡಿಗಳೆಲ್ಲ ಒಂದೇ ಕಡೆ ಕೂಡೋದರಿಂದ ಒಂದು ಟೋಲ್ ಪ್ಲಾಜಾ ಸಾಕಾಗ್ತದೆ.

ಟೋಲಿನಲ್ಲೂ ಎರಡು ಬಗೆ. ರಸ್ತೆಗೆ ಅಡ್ಡ ಪ್ಲಾಜಾ ಕಟ್ಟಿ, ದಾಟಿದವರಿಂದ ನಿಗದಿ ಹಣ ತಗೊಳ್ಳೋದು ಒಂದು. ನೀವು ಹೋಗಿದ್ದು ಹತ್ತೇ ಕಿಲೋಮೀಟರ್ ಇರಲಿ, ಪೂರ್ತಿ ಹಣ. ಇನ್ನೊಂದು, ಹತ್ತಿದ ಕಡೆ ಗುರುತು ಮಾಡಿ, ಇಳಿದ ಕಡೆ ದೂರ ಲೆಕ್ಕ ಹಾಕಿ ತಗೊಳ್ಳೋದು. ಹತ್ತಿರದ ಮಂಡಿಗೆ ಹೋಗುವ ರೈತನಿಗೆ ಎರಡನೆಯದೇ ವಾಸಿ.

ಮೈಸೂರು ರಸ್ತೆ ಕಲಿಸಿದ್ದು

ಬೆಂಗಳೂರು-ಮೈಸೂರು ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆ ಆಯ್ತು. ಉದ್ದ ಸುಮಾರು 118 ಕಿ.ಮೀ., ಖರ್ಚು ಸುಮಾರು 8,480 ಕೋಟಿ ರೂಪಾಯಿ. ನಡುವೆ ಆರು ಪಥ, ಎರಡೂ ಬದಿಗೆ ಎರಡೆರಡು ಪಥದ ಸರ್ವಿಸ್ ರಸ್ತೆ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನ ಬೈಪಾಸ್ ಮಾಡಿದರು. ಮೂರು ಗಂಟೆಯ ದಾರಿ ಒಂದೂವರೆ ಗಂಟೆಗೆ ಇಳೀತು. ದೂರ ಹೋಗುವವರಿಗೆ ಇದು ದೊಡ್ಡ ಲಾಭ, ಅದನ್ನ ಒಪ್ಪಬೇಕು.

ಈಗ ನಡುವಿನ ಊರುಗಳನ್ನ ನೋಡಿ. ಚನ್ನಪಟ್ಟಣದ ಗೊಂಬೆ, ಮದ್ದೂರಿನ ವಡೆ ಮಾರಾಟ ಆಗ್ತಿದ್ದದ್ದು ರಸ್ತೆಯಲ್ಲಿ ಗಾಡಿ ನಿಲ್ಲಿಸ್ತಿದ್ದ ಪ್ರಯಾಣಿಕರಿಂದ. ಗಾಡಿಗಳೆಲ್ಲ ಬೈಪಾಸ್ ಹಿಡಿದವು. ಹಳೇ ರಸ್ತೆಯ ಅಂಗಡಿಯವರು, ಹೋಟೆಲಿನವರು ವ್ಯಾಪಾರ ಬಿತ್ತು ಅಂದರು. ಊರು ಅಲ್ಲೇ ಇದೆ, ಗೊಂಬೆ ಮಾಡುವ ಕೈ ಅಲ್ಲೇ ಇದೆ. ಗಿರಾಕಿ ಇಳಿದು ಬರುವ ದಾರಿ ಮಾತ್ರ ಸುತ್ತಾಯ್ತು. ಮೊದಲೇ ಊರಿಗೆ ಹತ್ತಿರ ಇಳಿಯುವ ದಾರಿ, ಅಲ್ಲಿ ಗಾಡಿ ನಿಲ್ಲಲು ಜಾಗ, ಸ್ಥಳೀಯರಿಗೆ ಮಳಿಗೆ ಅಂತ ನಕ್ಷೆಯಲ್ಲೇ ಬರೆದಿದ್ರೆ ನಷ್ಟ ಇಷ್ಟಾಗ್ತಿರಲಿಲ್ಲ ಅನ್ನೋದು ನನ್ನ ತಿಳುವಳಿಕೆ.

ಇನ್ನೊಂದು ಸಂಗತಿ. ಉದ್ಘಾಟನೆಯಾದ ಆರನೇ ದಿನ, ಮಾರ್ಚ್ 18ರಂದು, ಮಳೆಗೆ ರಾಮನಗರದ ಹತ್ತಿರ ರಸ್ತೆಯಲ್ಲಿ ನೀರು ನಿಂತಿತು. ಹಳ್ಳಿಯವರು ಹೊಲಕ್ಕೆ, ಊರಿಗೆ ದಾರಿ ಮಾಡಿಕೊಳ್ಳಲು ಚರಂಡಿಗೆ ಮಣ್ಣು ತುಂಬಿದ್ದೇ ಕಾರಣ ಅಂತ ಹೆದ್ದಾರಿ ಪ್ರಾಧಿಕಾರ ಹೇಳಿತು. ಚರಂಡಿ ಮುಚ್ಚೋದು ತಪ್ಪು. ಆದ್ರೆ ಜನ ಯಾಕೆ ಮುಚ್ಚಿದರು ಅಂತಲೂ ಕೇಳಬೇಕಲ್ಲ? ದಾರಿ ಕೊಡದ ಕಡೆ ಜನ ದಾರಿ ಮಾಡಿಕೊಳ್ತಾರೆ. ದನ ಹೊಡಕೊಂಡು, ತಲೆ ಮೇಲೆ ಹುಲ್ಲು ಹೊತ್ತು ಎಷ್ಟು ದೂರ ಸುತ್ತಿ ಬರೋದು?

2023ರ ಆಗಸ್ಟ್ 1ರಿಂದ ಆ ರಸ್ತೆಯ ನಡುವಿನ ಪಥಗಳಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್, ಎತ್ತಿನಗಾಡಿ ನಿಷೇಧ ಆಯ್ತು. ವೇಗದ ರಸ್ತೆಯಲ್ಲಿ ನಿಧಾನದ ಗಾಡಿ ಇದ್ರೆ ಜೀವಕ್ಕೆ ಅಪಾಯ, ನಿಷೇಧ ಸರಿಯೇ. ಹಾಗಾದ್ರೆ ನಿಧಾನದ ಗಾಡಿಗೆ ಸರ್ವಿಸ್ ರಸ್ತೆ ಒಂದು ತುದಿಯಿಂದ ಇನ್ನೊಂದು ತುದಿಗೆ ಎಲ್ಲೂ ತುಂಡಾಗದೆ ಇರಬೇಕು. ಹಳ್ಳದ ಹತ್ತಿರ, ರೈಲು ಹಳಿ ಹತ್ತಿರ ಅದು ನಿಂತುಹೋದ್ರೆ ಟ್ರ್ಯಾಕ್ಟರ್ ಎಲ್ಲಿಗೆ ಹೋಗಬೇಕು?

ನಮ್ಮ ಕಡೆಯ ರಸ್ತೆ

ಬೆಂಗಳೂರು-ಚೆನ್ನೈ ಎಕ್ಸ್‌ಪ್ರೆಸ್‌ವೇ ಹೊಸಕೋಟೆಯಿಂದ ಶ್ರೀಪೆರಂಬದೂರಿಗೆ, ಸುಮಾರು 262 ಕಿ.ಮೀ. ಇದು ಹಳೇ ರಸ್ತೆ ಅಗಲ ಮಾಡಿದ್ದಲ್ಲ, ಹೊಲಗಳ ಮೇಲೆ ಹೊಸದಾಗಿ ಹಾಕಿದ್ದು. ಮಾಲೂರು, ಬಂಗಾರಪೇಟೆ, ಕೆಜಿಎಫ್ ಸೀಮೆ ದಾಟಿ ಆಂಧ್ರಕ್ಕೆ ಹೋಗ್ತದೆ. 2024ರ ಡಿಸೆಂಬರಿನಲ್ಲಿ ನಮ್ಮ ರಾಜ್ಯದ ಭಾಗ ಸುಂದರಪಾಳ್ಯದ ತನಕ ಗಾಡಿಗಳಿಗೆ ತೆರೀತು. ಬೈಕಿಗೆ ಪ್ರವೇಶ ಇಲ್ಲದಿದ್ದರೂ ಹೊಸದರಲ್ಲಿ ಹುಡುಗರು ನುಗ್ಗಿದರು, ಅಪಘಾತಗಳೂ ಆದವು. ನಿಮ್ಮ ಮಕ್ಕಳಿಗೆ ಇದನ್ನ ಬಿಡಿಸಿ ಹೇಳಿ.

ಕೆಜಿಎಫ್ ವಿಷಯ ನಿಮಗೆ ಗೊತ್ತು. ಶಿವನಸಮುದ್ರದ ಕರೆಂಟು ಚಿನ್ನದ ಗಣಿಗೆ 1902ರಲ್ಲೇ ಬಂತು. ಬೆಂಗಳೂರಿಗೆ ಬಂದದ್ದು 1905ರಲ್ಲಿ. ತಂತಿ ಎಷ್ಟೋ ಹಳ್ಳಿಗಳ ತಲೆ ಮೇಲೆ ದಾಟಿ ಹೋಯ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಲ್ಲಿಂದ ಈಚೆಗೆ ಸಾವಿರಾರು ಜನ ಬೆಳಗಿನ ರೈಲಿಗೆ ಬೆಂಗಳೂರಿಗೆ ಕೂಲಿಗೆ, ಕೆಲಸಕ್ಕೆ ಹೋಗಿ ರಾತ್ರಿ ಬರ್ತಾರೆ. ಆ ಊರಿಗೆ ಮತ್ತೆ ಕೈಗಾರಿಕೆ ತರಬೇಕು ಅನ್ನೋ ಮಾತು ಬಹಳ ವರ್ಷದಿಂದ ಇದೆ. ಹೊಸ ರಸ್ತೆಯಿಂದ ಆಸೆ ಹೆಚ್ಚಾಗಿದೆ.

ಆಸೆ ಸುಳ್ಳಲ್ಲ. ಕೋಲಾರದ ಹಳೇ ಹೆದ್ದಾರಿ ಪಕ್ಕ ನರಸಾಪುರದಲ್ಲಿ ಕಾರ್ಖಾನೆಗಳು ಬಂದದ್ದನ್ನ ಕಣ್ಣಾರೆ ಕಂಡಿದ್ದೇವೆ. ಅಲ್ಲಿ ರಸ್ತೆಗೆ ಹತ್ತೋದು ಇಳಿಯೋದು ಸುಲಭ ಇತ್ತು, ಜಾಗ ಇತ್ತು, ಕರೆಂಟು ಇತ್ತು. ರಸ್ತೆ ಒಂದರಿಂದಲೇ ಬಂದದ್ದಲ್ಲ. ಎಕ್ಸ್‌ಪ್ರೆಸ್‌ವೇ ಕೆಜಿಎಫ್ ಪಕ್ಕ ಹೋಯ್ತು ಅಂತ ಸುಮ್ಮನಿದ್ರೆ ಲಾರಿಗಳು ನೂರರ ವೇಗದಲ್ಲಿ ದಾಟಿ ಹೋಗ್ತವೆ, ಅಷ್ಟೆ. ಇಂಟರ್‌ಚೇಂಜಿನಿಂದ ಊರಿನ ತನಕ, ಕೈಗಾರಿಕೆ ಜಾಗದ ತನಕ, ಮಂಡಿಯ ತನಕ ಗಟ್ಟಿ ರಸ್ತೆ ಇರಬೇಕು. ತೂಬಿನಿಂದ ಹೊಲಕ್ಕೆ ಕಾಲುವೆ ಅಂದೆನಲ್ಲ, ಅದು ಇದು.

ಇಲ್ಲಿ ಒಂದು ತೊಡಕಿದೆ. ಎಕ್ಸ್‌ಪ್ರೆಸ್‌ವೇ ಕೇಂದ್ರದ್ದು. ಇಂಟರ್‌ಚೇಂಜ್ ದಾಟಿದ ಮೇಲಿನ ರಸ್ತೆ ರಾಜ್ಯದ್ದೋ, ಜಿಲ್ಲೆಯದೋ, ಪಂಚಾಯ್ತಿಯದೋ ಆಗಿರ್ತದೆ. ಕೇಂದ್ರದ ರಸ್ತೆ ಮುಗಿದಾಗ ಇದು ಗುಂಡಿ ಬಿದ್ದ ಹಾಗೇ ಉಳೀತದೆ. ಎರಡೂ ಒಟ್ಟಿಗೆ ಮುಗಿಯಬೇಕು ಅಂತ ಕೇಳುವವರು ನಾವೇ ಆಗಬೇಕು.

ಸುಂಕದ ಲೆಕ್ಕ

ಒಂದು ಲೆಕ್ಕ ಹಾಕೋಣ. ಸುಂಕ ಒಂದು ಕಡೆಗೆ 100 ರೂಪಾಯಿ ಅಂತ ಇಟ್ಕೊಳ್ಳಿ. 24 ಗಂಟೆಯೊಳಗೆ ವಾಪಸ್ ಬಂದ್ರೆ ಎರಡೂ ಕಡೆಗೆ ಸೇರಿ ಒಂದೂವರೆ ಪಟ್ಟು, ಅಂದ್ರೆ 150. ಪಿಕಪ್ ಗಾಡಿಗೆ 15 ಕೆ.ಜಿ.ಯ 100 ಬಾಕ್ಸ್ ಟೊಮೇಟೊ ಹೇರಿದ್ರೆ ಬಾಕ್ಸಿಗೆ ಒಂದೂವರೆ ರೂಪಾಯಿ ಬಿತ್ತು. ನಿಮ್ಮದು ಇಪ್ಪತ್ತೇ ಬಾಕ್ಸ್ ಆದ್ರೆ ಏಳೂವರೆ ರೂಪಾಯಿ. ರೇಟು ಬಿದ್ದ ದಿನ ಏಳೂವರೆ ರೂಪಾಯಿ ಸಣ್ಣದಲ್ಲ. ಅದೇ ಐದು ಮನೆಯವರು ಸೇರಿ ಒಂದು ಗಾಡಿ ಮಾಡಿದ್ರೆ ದೊಡ್ಡ ಬೆಳೆಗಾರನಿಗೆ ಬಿದ್ದಷ್ಟೇ ನಿಮಗೂ ಬೀಳ್ತದೆ. ಸುಂಕದ ರಸ್ತೆ ತುಂಬಿದ ಗಾಡಿಗೆ ಅಗ್ಗ, ಖಾಲಿ ಗಾಡಿಗೆ ದುಬಾರಿ.

ರಿಯಾಯಿತಿಗಳನ್ನೂ ತಿಳ್ಕೊಳ್ಳಿ. ಪ್ಲಾಜಾದಿಂದ 20 ಕಿ.ಮೀ. ಒಳಗಿನವರ ಸ್ವಂತ ಬಳಕೆಯ ಗಾಡಿಗೆ ತಿಂಗಳ ಪಾಸ್ ಇದೆ. ಆದ್ರೆ ಸರ್ವಿಸ್ ರಸ್ತೆಯೋ ಬದಲಿ ರಸ್ತೆಯೋ ಇರುವಲ್ಲಿ ಅದು ಸಿಗದು ಅಂತ ನಿಯಮ. 2025ರ ಆಗಸ್ಟ್ 15ರಿಂದ ವರ್ಷದ ಫಾಸ್ಟ್‌ಟ್ಯಾಗ್ ಪಾಸ್ ಬಂತು. ಆಗ 3,000 ರೂಪಾಯಿಗೆ 200 ಸಲ. ಅದೂ ಸ್ವಂತದ ಕಾರು, ಜೀಪು, ವ್ಯಾನಿಗೆ ಮಾತ್ರ. ಹಳದಿ ಬೋರ್ಡಿನ ಪಿಕಪ್‌ಗೆ ಎರಡೂ ಇಲ್ಲ. ಜಿಲ್ಲೆಯಲ್ಲೇ ನೋಂದಣಿಯಾದ ವಾಣಿಜ್ಯ ಗಾಡಿಗೆ ಕೆಲವು ಪ್ಲಾಜಾಗಳಲ್ಲಿ ಹೆಚ್ಚುಕಡಿಮೆ ಅರ್ಧ ದರ ಇರ್ತದೆ. ಪ್ಲಾಜಾದ ದರದ ಫಲಕದಲ್ಲಿ ಅದಕ್ಕೆ ಬೇರೆ ಸಾಲು ಇದೆಯಾ, ನಿಂತು ಓದಿ.

ತೂಬು ಸುಧಾರಿಸೋದು ಹೇಗೆ?

ನನಗೆ ಕಂಡ ಆರು ಅಂಶ ಬರೀತೇನೆ. ನಿಮ್ಮ ಊರಿಗೆ ತಕ್ಕಂತೆ ಸೇರಿಸಿಕೊಳ್ಳಿ.

1. ದೂರ. ಮಂಡಿಗೆ ಹೋಗಲು ಹಿಂದಕ್ಕೆ ಎಷ್ಟು ಕಿಲೋಮೀಟರ್ ಹೋಗಿ ಹತ್ತಬೇಕು, ಅಳೆಯಿರಿ. ಹಿಂದಕ್ಕೆ ಹೋಗುವ ಡೀಸೆಲ್ಲೂ ಸುಂಕವೇ.

2. ಕೂಡು ರಸ್ತೆ. ಇಂಟರ್‌ಚೇಂಜಿಗೆ ಸೇರುವ ಊರ ರಸ್ತೆಯಲ್ಲಿ ಎರಡು ಲಾರಿ ಎದುರುಬದುರು ದಾಟುವಷ್ಟು ಅಗಲ ಬೇಕು. ನಡುವಿನ ಹಳ್ಳದ ಸೇತುವೆಯೂ ಅಷ್ಟೇ ಗಟ್ಟಿ ಇರಬೇಕು.

3. ಅಂಡರ್‌ಪಾಸಿನ ಎತ್ತರ. ಲಾರಿಗೆ ಮಾಡಿದ್ದು ಐದೂವರೆ ಮೀಟರ್ ಎತ್ತರ ಇರ್ತದೆ. ದನಕ್ಕೆ, ಕಾಲ್ನಡಿಗೆಗೆ ಮಾಡಿದ್ದು ಮೂರು ಮೀಟರಿನ ಆಸುಪಾಸು. ರಾಗಿ ಹುಲ್ಲು ಹೇರಿದ ಟ್ರ್ಯಾಕ್ಟರ್ ಅದರಲ್ಲಿ ತೂರೋದಿಲ್ಲ. ಹೊಲ ಆಚೆ, ಕಣ ಈಚೆ ಇರುವವರು ಇದನ್ನ ಮೊದಲು ನೋಡಬೇಕು.

4. ನೀರು. ರಸ್ತೆಯ ಏರಿ ಕೆರೆಗೆ ಬರುವ ಕಾಲುವೆಯನ್ನ ತಡೀಬಾರದು. ಬಯಲುಸೀಮೆಯಲ್ಲಿ ಒಂದು ಕಾಲುವೆ ಮುಚ್ಚಿದ್ರೆ ಕೆಳಗಿನ ಕೆರೆ ಒಣಗ್ತದೆ. ನೀರು ಎಲ್ಲಿಂದ ಎಲ್ಲಿಗೆ ಹರೀತದೆ ಅನ್ನೋದು ನಕ್ಷೆ ಬರೆಯುವವರಿಗಿಂತ ನಿಮಗೆ ಚೆನ್ನಾಗಿ ಗೊತ್ತು.

5. ಸರಕು ಕೂಡಿಸುವ ಜಾಗ. ಇಂಟರ್‌ಚೇಂಜ್ ಹತ್ತಿರ, ರ‍್ಯಾಂಪಿನಿಂದ ಆಚೆಗೆ, ಗಾಡಿ ನಿಲ್ಲಿಸಿ ಸರಕು ಹೇರಲು ನೆರಳಿನ ಅಂಗಳ ಬೇಕು. ತೂಕದ ಯಂತ್ರ, ನೀರು, ಒಂದು ಬಸ್ ನಿಲ್ದಾಣ ಇರಲಿ. ಇಪ್ಪತ್ತು ಬಾಕ್ಸಿನವನು ನೂರು ಬಾಕ್ಸಿನ ಗಾಡಿ ಸೇರೋದು ಇಲ್ಲೇ.

6. ಸುತ್ತಲಿನ ಜಮೀನು. ಇಂಟರ್‌ಚೇಂಜ್ ಸುದ್ದಿ ಬಂದ ತಕ್ಷಣ ದಲ್ಲಾಳಿಗಳು ಬರ್ತಾರೆ. ಅವರಿಗೆ ನಕ್ಷೆ ನಮಗಿಂತ ಮೊದಲು ಸಿಕ್ಕಿರ್ತದೆ. ಒಂದು ವರ್ಷವಾದ್ರೂ ಕಾಯಿರಿ. ಕೊಡಲೇಬೇಕಾದ್ರೆ ರಸ್ತೆ ಬದಿಯ ಸ್ವಲ್ಪವನ್ನಾದ್ರೂ ನಿಮ್ಮ ಮಕ್ಕಳ ಮಳಿಗೆಗೆ ಉಳಿಸಿಕೊಳ್ಳಿ.

ಯಾವಾಗ ಕೇಳಬೇಕು?

ಕಾಂಕ್ರೀಟ್ ಹಾಕಿದ ಮೇಲೆ ಕೇಳಿದ್ರೆ ಕೆಲಸ ಕಷ್ಟ. ಮೈಸೂರು ರಸ್ತೆಯಲ್ಲಿ ಕಾಲ್ಸೇತುವೆ, ಹೆಚ್ಚಿನ ಕೆಳದಾರಿಗಳ ಕೆಲಸವನ್ನ ರಸ್ತೆ ತೆರೆದ ಮೇಲೆ ಹಮ್ಮಿಕೊಳ್ಳಬೇಕಾಯ್ತು. ಮೊದಲೇ ಕೇಳಲು ಮೂರು ಸಮಯ ಇವೆ.

ಒಂದು, ಪರಿಸರದ ಸಾರ್ವಜನಿಕ ಅಹವಾಲು ಸಭೆ. 2006ರ ಅಧಿಸೂಚನೆ ಪ್ರಕಾರ ಹೊಸ ರಾಷ್ಟ್ರೀಯ ಹೆದ್ದಾರಿಗೆ ಇದು ಬೇಕು. 30 ದಿನ ಮುಂಚೆ ಪ್ರಕಟಣೆ ಕೊಡ್ತಾರೆ. ವರದಿಯ ಸಾರಾಂಶ ಕನ್ನಡದಲ್ಲೂ ಇರಬೇಕು. ಅಲ್ಲಿ ಅಂಡರ್‌ಪಾಸು, ಕಾಲುವೆ, ಕೂಡು ರಸ್ತೆ ಎಲ್ಲ ಕೇಳಿ, ನಡಾವಳಿಯಲ್ಲಿ ಬರೆಸಿ.

ಎರಡು, ಭೂಸ್ವಾಧೀನದ ಅಧಿಸೂಚನೆ. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ 3ಎ ಪ್ರಕಟಣೆ ಬಂದ ಮೇಲೆ ಆಕ್ಷೇಪಣೆಗೆ 21 ದಿನ ಮಾತ್ರ. ಎರಡು ಪತ್ರಿಕೆಯಲ್ಲಿ ಹಾಕ್ತಾರೆ, ಒಂದು ಕನ್ನಡದ್ದು. ಸರ್ವೆ ನಂಬರ್ ನೋಡಿಕೊಳ್ಳಿ. ಆಕ್ಷೇಪಣೆ ಲಿಖಿತದಲ್ಲಿರಲಿ, ಸ್ವೀಕೃತಿ ತಗೊಳ್ಳಿ.

ಮೂರು, ಕೆಲಸ ನಡೆಯುವಾಗ. ಗ್ರಾಮಸಭೆಯಲ್ಲಿ ನಿರ್ಣಯ ಮಾಡಿ, ಪ್ರಾಧಿಕಾರದ ಯೋಜನಾ ನಿರ್ದೇಶಕರಿಗೆ ಮತ್ತು ಜಿಲ್ಲಾಧಿಕಾರಿಗೆ ಕಳಿಸಿ. ನಕ್ಷೆ ಕೊಡದಿದ್ರೆ 2005ರ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. "ನಮಗೆ ಅನ್ಯಾಯ ಆಗಿದೆ" ಅಂತ ಬರೆದ ಅರ್ಜಿ ಕಡತದಲ್ಲಿ ಮಲಗ್ತದೆ. "ಇಂಥ ಸರ್ವೆ ನಂಬರ್ ಹತ್ತಿರ ಇಷ್ಟು ಮೀಟರ್ ಎತ್ತರದ ಅಂಡರ್‌ಪಾಸ್ ಬೇಕು, ದಿನಕ್ಕೆ ಇಷ್ಟು ಟ್ರ್ಯಾಕ್ಟರ್ ದಾಟ್ತವೆ" ಅಂತ ಬರೆದ ಅರ್ಜಿಗೆ ಇಂಜಿನಿಯರ್ ಉತ್ತರ ಕೊಡಬೇಕಾಗ್ತದೆ. ಆದ್ದರಿಂದ ಒಂದು ವಾರ ಕೂತು ಎಣಿಸಿ. ಟ್ರ್ಯಾಕ್ಟರ್ ಎಷ್ಟು, ಹಾಲಿನ ಗಾಡಿ ಎಷ್ಟು, ಶಾಲೆ ಮಕ್ಕಳು ಎಷ್ಟು, ದನ ಎಷ್ಟು. ಒಂದು ನೋಟ್‌ಬುಕ್ಕು ಸಾಕು. ಶಾಲೆಗೆ ಹೋಗುವ ಮಕ್ಕಳಿಂದಲೇ ಬರೆಸಬಹುದು.

ನಿಮ್ಮ ಸೀಮೆಯಲ್ಲಿ ಹೀಗೆ ಕೇಳಿ ದಾರಿ ಪಡೆದವರಿದ್ರೆ ಯಾವ ರೀತಿ ಅರ್ಜಿ ಬರೆದಿರಿ, ಎಷ್ಟು ದಿನ ಹಿಡೀತು ಅಂತ ಈ ಪತ್ರಿಕೆಗೆ ಬರೀರಿ. ಮುಂದಿನ ಊರಿನವರಿಗೆ ಅದು ಬೇಕು.