ಧಾರವಾಡದ ಕೃಷಿ ಮೇಳದಲ್ಲಿ ನಾನು ಉಂಡದ್ದು, ಕಲಿತದ್ದು

ನಾನು ಮೈಸೂರು ಕಡೆಯವನು. ಕೆಲಸದ ಮೇಲೆ ಧಾರವಾಡಕ್ಕೆ ಬಂದ ವರ್ಷವೇ ಕೃಷಿ ವಿಶ್ವವಿದ್ಯಾಲಯದ ಮೇಳಕ್ಕೆ ಹೋದೆ. ಅಂದಿನಿಂದ ಮೇಳ ನಡೆದ ಯಾವ ವರ್ಷವೂ ತಪ್ಪಿಸಿಲ್ಲ. ತಪ್ಪುಗಳನ್ನಂತೂ ಬೇಕಾದಷ್ಟು ಮಾಡಿದ್ದೇನೆ.

1. ಬೆಳಗ್ಗೆಯೇ ಹೋಗಿ.
ಮೊದಲ ಸಲ ಭಾನುವಾರ ಮಧ್ಯಾಹ್ನ ಹೋಗಿದ್ದೆ. ಜನಜಂಗುಳಿಯಲ್ಲಿ ನೂಕಿಸಿಕೊಂಡು, ಟ್ರ್ಯಾಕ್ಟರ್ ನೋಡಿ, ಕರಪತ್ರಗಳ ಕಂತೆ ಹಿಡಿದು ಹಸಿದುಕೊಂಡೇ ಮನೆಗೆ ಬಂದೆ. ಮೇಳ ಸೆಪ್ಟೆಂಬರಿನಲ್ಲಿ ಏಕೆ ಎಂದು ತಿಳಿದದ್ದು ಮರುವರ್ಷ, ಬೆಳಗಿನ ಹೊತ್ತು ಹೋದಾಗ. ಹಿಂಗಾರಿ ಬಿತ್ತನೆ ಎದುರಿಗಿರುತ್ತದೆ. ಮೊದಲ ಬಸ್ಸಿಗೆ ಬಂದ ರೈತರು ನೇರವಾಗಿ ಬೀಜದ ಮಳಿಗೆಗೆ ಹೋಗುತ್ತಾರೆ. ಜೋಳ, ಕಡಲೆ, ಕುಸುಬೆಯ ಚೀಲ ಹೆಗಲಿಗೇರಿದ ಮೇಲೆಯೇ ಅವರಿಗೆ ಚಹಾ. ಮಳೆ ಬಿದ್ದಿದ್ದರೆ ಎರೆಮಣ್ಣು ಕಾಲಿಗೆ ಮೆತ್ತಿಕೊಳ್ಳುತ್ತದೆ, ಒಳ್ಳೆಯ ಚಪ್ಪಲಿ ಬೇಡ.

2. ರೊಟ್ಟಿ ಕೇಳುವ ಮೊದಲು ಜೋಳ ಕೇಳಿ.
ರಾಗಿ ಉಂಡು ಬೆಳೆದ ನನಗೆ ಜೋಳವೆಲ್ಲ ಒಂದೇ. ಸ್ವಸಹಾಯ ಸಂಘದ ಮಳಿಗೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅಕ್ಕನ ಮುಂದೆ ಹಾಗೆಯೇ ಅಂದುಬಿಟ್ಟೆ. ಆಕೆ ಕೈ ನಿಲ್ಲಿಸದೆ, "ಮುಂಗಾರಿ ಜ್ವಾಳ ತೆನಿಯಾಗ ಮಳಿ ಹಿಡದು ಕಪ್ಪಾಗ್ತದ್ರಿ. ಇದು ಹಿಂಗಾರಿ ಮಾಲದಂಡಿ, ನೋಡ್ರಿ" ಎಂದು ಹಿಟ್ಟು ತೋರಿಸಿದರು. ಕುದಿನೀರಿನಲ್ಲಿ ಕಲಸಿದ ಮುದ್ದೆ ಅಂಗೈ ಕೆಳಗೆ ತಿರುಗುತ್ತ ತಿರುಗುತ್ತ ಅಗಲವಾಯಿತು, ಅಂಚು ಎಲ್ಲೂ ಸೀಳಲಿಲ್ಲ. ಹೆಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆ ಆಡಿಸಿ, ತಿರುವಿದ ಮೇಲೆ ಬುಗ್ಗೆಯಂತೆ ಉಬ್ಬಿತು. ಅದರ ಮೇಲೆ ಎಣ್ಣೆಗಾಯಿ, ಪಕ್ಕಕ್ಕೆ ಗಟ್ಟಿ ಮೊಸರು, ಶೇಂಗಾ ಚಟ್ನಿ. ಆ ಶೇಂಗಾಕ್ಕೂ ಇಲ್ಲಿ ಹೆಸರಿದೆ. ತುಕ್ಕುರೋಗ, ಎಲೆಚುಕ್ಕೆ ರೋಗ ತಡೆಯುವ ಜಿಪಿಬಿಡಿ-4 ತಳಿ ಇದೇ ವಿಶ್ವವಿದ್ಯಾಲಯದ್ದು. ಬೀಜದ ಮಳಿಗೆ ನೋಡಿ ಬಂದ ಮೇಲೆ ತಟ್ಟೆಯ ಊಟ ನನಗೆ ಬೇರೆಯದೇ ಆಗಿ ಕಂಡಿತು.

3. ಸದಕ ಗೋಧಿಗೆ ಅವಸರ ಆಗಿಬರುವುದಿಲ್ಲ.
ಇಲ್ಲಿಯ ಡಿಡಿಕೆ-1025, ಡಿಡಿಕೆ-1029 ತಳಿಗಳು ಈ ಜಾತಿಯವೇ. ಒಕ್ಕಿದರೂ ಹೊಟ್ಟು ಬಿಡದ ಗೋಧಿ ಇದು, ಬೇರೆಯಾಗಿ ಕುಟ್ಟಿಸಬೇಕು. ಮೇಳದಲ್ಲಿ ಹುಗ್ಗಿ ತಿಂದ ಖುಷಿಗೆ ಕುಟ್ಟಿದ ಗೋಧಿ ತಂದು, ನೆನೆಸದೆಯೇ ಕುಕ್ಕರಿಗೆ ಹಾಕಿದೆ. ಬೆಲ್ಲವನ್ನೂ ಮೊದಲೇ ಸುರಿದೆ. ಕಾಳು ಕಲ್ಲಿನಂತೆ ಉಳಿಯಿತು. ಈಗ ರಾತ್ರಿಯಿಡೀ ನೆನೆಸುತ್ತೇನೆ, ಬೆಂದ ಮೇಲೆಯೇ ಬೆಲ್ಲ.

4. ಅಗಸಿ ಚಟ್ನಿ ಸ್ವಲ್ಪವೇ ಸಾಕು.
ರುಚಿಗೆ ಮರುಳಾಗಿ ಒಂದು ಕೆಜಿ ತಂದೆ. ಎಣ್ಣೆಕಾಳಿನ ಪುಡಿ ಬೇಗ ಮುಗ್ಗುತ್ತದೆ. ಅರ್ಧದಷ್ಟು ಚೆಲ್ಲಬೇಕಾಯಿತು. ಯಾರದೋ ಹೊಲದ ದುಡಿಮೆಯನ್ನು ಚೆಲ್ಲಿದೆನಲ್ಲ ಎಂಬ ಸಂಕಟ ಈಗಲೂ ಇದೆ.

5. "ಬರ್ರಿ" ಎಂದರೆ ಕೂತುಬಿಡಿ.
ಮೇಳದ ನಿಜವಾದ ಊಟ ಮಳಿಗೆಗಳಲ್ಲಿಲ್ಲ, ಮರದ ನೆರಳಿನಲ್ಲಿದೆ. ಹಳ್ಳಿಯಿಂದ ಬಂದ ಮನೆಮಂದಿ ಮಧ್ಯಾಹ್ನ ಅಲ್ಲಿ ಬುತ್ತಿ ಬಿಚ್ಚುತ್ತಾರೆ. ಬಿಳಿ ಬಟ್ಟೆಯಲ್ಲಿ ಸುತ್ತಿದ ಸಜ್ಜಿ ರೊಟ್ಟಿ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ. ಒಮ್ಮೆ ಹಾದುಹೋಗುವಾಗ ಒಬ್ಬ ಅಜ್ಜ, "ಬರ್ರಿ ಸರ, ಊಟ ಮಾಡೂಣು" ಅಂದರು. ಗುರುತಿಲ್ಲದವರ ಬುತ್ತಿಗೆ ಕೈ ಹಾಕುವುದೇ ಎಂದು ಸಂಕೋಚಪಟ್ಟು, "ಆಯ್ತು, ಊಟ ಆಯ್ತು" ಎಂದು ಸುಳ್ಳು ಹೇಳಿ ಮುಂದೆ ಹೋದೆ. ತಿರುಗಿ ನೋಡಿದರೆ ಮುರಿದ ರೊಟ್ಟಿ ಅವರ ಕೈಯಲ್ಲೇ ಇತ್ತು, ನನಗೆಂದು ಮುರಿದದ್ದು. ಈ ಸೀಮೆಯಲ್ಲಿ ಉಣ್ಣುವವರು ಎದುರಿಗೆ ಬಂದವರನ್ನು ಕರೆಯದೆ ತುತ್ತೆತ್ತುವುದಿಲ್ಲ ಎಂದು ಆಮೇಲೆ ಸಹೋದ್ಯೋಗಿಯೊಬ್ಬರು ಹೇಳಿದರು. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಮರುವರ್ಷ ಹೆಂಡತಿಯಿಂದ ಕೋಡುಬಳೆ ಮಾಡಿಸಿ ಡಬ್ಬಿ ತುಂಬ ಒಯ್ದೆ. ಬೇರೆ ಮರ, ಬೇರೆ ಮನೆಮಂದಿ. ಕರೆದ ಕೂಡಲೇ ಕೂತೆ. ನನ್ನ ಡಬ್ಬಿಯೂ ಒಂದು ಸುತ್ತು ಬಂತು. ಹಿರಿಯರೊಬ್ಬರು ಕೋಡುಬಳೆ ಮುರಿದು, ಒಳಗನ್ನು ಬೆಳಕಿಗೆ ಹಿಡಿದು ನೋಡಿ, "ಇದಕ್ಕ ಯಾವ ಅಕ್ಕಿ ಹಾಕೀರಿ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಅಲ್ಲೇ ಕೂತು ಮನೆಗೆ ಫೋನ್ ಹಚ್ಚಿದೆ.